ಮುಳ್ಳು ಇಳಿದಾಗ

ಸೋರುವುದರ ವಿಷಯದಲ್ಲಿ ನಮ್ಮ ಜೋಯಿಡಾ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಿರಗದ ಮಳೆ ಹಿಡಿಯಿತೆಂದರೆ ಹೆಂಚು ಸೋರುತ್ತದೆ, ಗೋಡೆ ಬೆವರುತ್ತದೆ, ಶಾಲೆಯ ಹಾಜರಿ ಪುಸ್ತಕ ತೇವ ಹಿಡಿದು ಹಪ್ಪಳದ ಹಿಟ್ಟಿನಂತಾಗುತ್ತದೆ. ಯಾವ ಹನಿಯ ಕೆಳಗೆ ತಪ್ಪಲೆ ಇಡಬೇಕು, ಯಾವುದಕ್ಕೆ ಚರಿಗೆ ಸಾಕು ಎಂಬುದು ಉಳವಿಯ ಹೆಂಗಸರಿಗೆ ಕತ್ತಲೆಯಲ್ಲೂ ಗೊತ್ತು. ಆದರೆ ಕೆಳಗೆ ಪಾತ್ರೆ ಇಟ್ಟು ಸುಮ್ಮನಾಗಲಾರದಂಥ ಒಂದು ಸೋರಿಕೆಯ ಜೊತೆ ನಾನು ಹೋದ ಚಳಿಗಾಲವೆಲ್ಲ ಏಗಿದೆ. ಅದು ನಮ್ಮಪ್ಪನ ಹಳೇ ಕಾರಿನ ರೇಡಿಯೇಟರಿಗೆ ಸಿಕ್ಕಿಸಿದ ಶಾಖಮಾಪಕದ ಬುಡ.

ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಮತ್ತು ಸಮಾಜ ಕಲಿಸಿದವಳಿಗೆ ಪಾನಾ ಹಿಡಿಯುವ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಅದನ್ನೇ ಕೇಳಿದರು. ಅಪ್ಪನಿಗೆ ಎಂಬತ್ನಾಲ್ಕು ವಯಸ್ಸು, ಕೈ ನಡುಗುತ್ತದೆ, ಕಣ್ಣು ಮಬ್ಬು. ಮೆಕ್ಯಾನಿಕರು ಬರಬೇಕೆಂದರೆ ದಾಂಡೇಲಿಯಿಂದ ಕಾಡು ದಾಟಿ ಬರಬೇಕು. ಮನೆಯಲ್ಲಿ ಉಳಿದ ಗಟ್ಟಿ ಕೈಗಳೆಂದರೆ ಸೀಮೆಸುಣ್ಣ ಹಿಡಿದು ಹಿಡಿದು ಬೆರಳು ಒಡೆದ ನನ್ನವೇ.

ಕಾರಿನ ಹೆಸರು ಬೇಬಿ ಹಿಂದುಸ್ತಾನ್. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರರು ರೂಪಿಸಿ, 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಹೊರಬಂದ ಮಾರಿಸ್ ಮೈನರ್ ಕಾರನ್ನೇ ಹಿಂದುಸ್ತಾನ್ ಮೋಟರ್ಸ್‌ನವರು 1950ರ ದಶಕದ ಆರಂಭದಲ್ಲಿ ಈ ಹೆಸರಿನಿಂದ ನಮ್ಮ ದೇಶದಲ್ಲಿ ಮಾರುತ್ತಿದ್ದರು. ಮುಂದೆ ಬಂದು 2014ರವರೆಗೂ ತಯಾರಾದ ಅಂಬಾಸಿಡರಿಗೆ ಇದು ದಾಯಾದಿ. ಗಾತ್ರದಲ್ಲಿ ತಂಗಿ, ವಯಸ್ಸಿನಲ್ಲಿ ಅಕ್ಕ. ದಾಂಡೇಲಿಯ ನಾಟಾ ಡಿಪೋದಲ್ಲಿ ಕಾರಕೂನರಾಗಿದ್ದ ಅಪ್ಪ, ಊರು ಬಿಟ್ಟು ಹೊರಟಿದ್ದ ಒಬ್ಬ ಎಂಜಿನಿಯರರಿಂದ ಇದನ್ನು 1968ರಲ್ಲಿ ಕೊಂಡರು. ನಾನು ಹುಟ್ಟಿದ್ದು ಮರುವರ್ಷ. ಹಾಗಾಗಿ ನಮ್ಮ ಮನೆಯಲ್ಲಿ ಅದು ನನಗಿಂತ ಹಿರಿಯದು, ಮರ್ಯಾದೆಯೂ ಆ ಲೆಕ್ಕದಲ್ಲೇ.

ಹಳೆಯ ಕಾರುಗಳ ಪಂಡಿತರು ಇದನ್ನು ‘ವಿಂಟೇಜ್’ ಎಂದು ಒಪ್ಪುವುದಿಲ್ಲ. ಅವರ ಲೆಕ್ಕದಲ್ಲಿ ಆ ಪದವಿ 1930ರೊಳಗೆ ಹುಟ್ಟಿದವಕ್ಕೆ ಮಾತ್ರ. ಆದರೆ 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, ಐವತ್ತು ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಗಾಡಿಗೆ ವಿಂಟೇಜ್ ಎಂದು ಬೇರೆಯೇ ನೋಂದಣಿ ಸಿಗುತ್ತದೆ. ಮಗ ಪುಣೆಯಿಂದ ಫೋನು ಮಾಡಿ ಇದನ್ನು ವಿವರಿಸಿದ. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಎಂದು ಮಾತ್ರ ರಸ್ತೆಗೆ ಇಳಿಸಬಹುದೆಂದು ತಿಳಿದೊಡನೆ ಅಪ್ಪ ಆಗ, “ಬ್ಯಾಡಪಾ, ಸಂತಿಗೆ ಹೋಗಲಾರದ ಗಾಡಿ ತೊಗೊಂಡು ಏನ ಮಾಡ್ಲಿ” ಎಂದುಬಿಟ್ಟಿದ್ದರು. ಐದು ವರ್ಷಕ್ಕೊಮ್ಮೆ ಹಳೆಯ ನೋಂದಣಿಯನ್ನೇ ನವೀಕರಿಸುತ್ತ ಬಂದೆವು.

ಈ ಕಾರಿಗೆ ಶಾಖಮಾಪಕ ಹುಟ್ಟಿನಿಂದ ಬಂದದ್ದಲ್ಲ. ಸೂಪಾ ಊರು ಕಾಳಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮೊದಲು, 1970ರ ದಶಕದಲ್ಲಿ, ಅಪ್ಪ ನಮ್ಮನ್ನೆಲ್ಲ ತುಂಬಿಕೊಂಡು ಉಳವಿಯ ಜಾತ್ರೆಗೆ ಬರುವಾಗ ಏರು ದಾರಿಯಲ್ಲಿ ಎಂಜಿನ್ನು ಕುದಿದು ನಿಂತಿತಂತೆ. ಊರಿಗೆ ಮರಳಿದ ವಾರದಲ್ಲೇ ಅವರು ರೇಡಿಯೇಟರಿನ ಮೇಲಿನ ತೊಟ್ಟಿಗೆ ಒಂದು ಹಿತ್ತಾಳೆಯ ಬಾಯಿ ಬೆಸುಗೆ ಹಾಕಿಸಿ ಈ ಮಾಪಕವನ್ನು ಕೂಡಿಸಿದರು. ಅದಕ್ಕೂ ಹಿಂದಿನ ಕಾಲದಲ್ಲಿ, ಅಂದರೆ 1910 ಮತ್ತು 20ರ ದಶಕಗಳಲ್ಲಿ, ರೇಡಿಯೇಟರಿನ ಮುಚ್ಚಳದ ಮೇಲೆಯೇ ಕಳಸದಂತೆ ಒಂದು ಉಷ್ಣಮಾಪಕ ಕೂರಿಸುತ್ತಿದ್ದರು. ಬಾಯ್ಸ್ ಮೋಟೋಮೀಟರ್ ಎಂದು ಅದಕ್ಕೆ ಹೆಸರು. ಓಡಿಸುವವರು ಗಾಜಿನಾಚೆ ಅದರ ಕೆಂಪು ಗೆರೆ ಏರುವುದನ್ನು ನೋಡಿಕೊಳ್ಳಬೇಕು. ನಮ್ಮದು ಅದರ ಮುಂದಿನ ತಲೆಮಾರು. ನೀರಿನೊಳಗೆ ಬೆರಳುದ್ದದ ಲೋಹದ ಬುರುಡೆ, ಅದರಿಂದ ಹೊರಟ ಕೂದಲೆಳೆಯಂಥ ರಂಧ್ರದ ತಾಮ್ರದ ನಳಿಕೆ, ಆ ನಳಿಕೆಯ ತುದಿಗೆ ಚಾಲಕರ ಎದುರು ಗಡಿಯಾರದಂಥ ಮುಖ. ಬುರುಡೆಯೊಳಗೆ ಈಥರ್ ಎಂಬ ದ್ರವವಿದೆ. ಅದು ಮೈ ಕಾವಿಗೇ ಆವಿಯಾಗುವಷ್ಟು ಚಂಚಲ. ನೀರು ಕಾದಂತೆ ಆ ಆವಿಯ ಒತ್ತಡ ಹೆಚ್ಚಿ, ಗಡಿಯಾರದೊಳಗಿನ ಬಾಗಿದ ಚಪ್ಪಟೆ ಕೊಳವೆಯನ್ನು ನೆಟ್ಟಗಾಗಿಸಲು ನೋಡುತ್ತದೆ. ಮಕ್ಕಳು ಜಾತ್ರೆಯಲ್ಲಿ ಊದುವ ಸುರುಳಿ ಪೀಪಿ ಬಿಚ್ಚಿಕೊಳ್ಳುವ ಹಾಗೆ. ಅದರ ಎಳೆತಕ್ಕೆ ಮುಳ್ಳು ತಿರುಗುತ್ತದೆ. ಫ್ರಾನ್ಸಿನ ಬೂರ್ದೋನ್ ಎಂಬವರು 1849ರಲ್ಲಿ ಹಕ್ಕುಪತ್ರ ಪಡೆದ ಉಪಾಯ ಇದು. ಬ್ಯಾಟರಿ ಬೇಡ, ವಾಯರು ಬೇಡ. ನಳಿಕೆ ಒಮ್ಮೆ ಮುರಿದರೆ ಮಾತ್ರ ಈಥರ್ ಹಾರಿಹೋಗಿ ಆಟ ಮುಗಿಯಿತು.

ಈಗ ಸೋರಿಕೆಗೆ ಬರೋಣ. ದೀಪಾವಳಿಯ ಹೊತ್ತಿಗೆ ತೊಟ್ಟಿಯ ನೀರು ದಿನವೂ ಒಂದಿಷ್ಟು ಕಡಿಮೆಯಾಗತೊಡಗಿತು. ನೆಲ ನೋಡಿದರೆ ಒಣಗಿದೆ. ಕಾದ ಎಂಜಿನ್ನಿನ ಮೇಲೆ ಬಿದ್ದ ಹನಿ ಅಲ್ಲೇ ಆರುತ್ತದೆ, ಹಾಗಾಗಿ ಕಳ್ಳನ ಹೆಜ್ಜೆ ಗುರುತು ಸಿಗುವುದಿಲ್ಲ; ಮಾಪಕದ ಬುಡದಲ್ಲಿ ಬಿಳಿಯ ಉಪ್ಪಿನ ಕಲೆಯಷ್ಟೇ ಕಾಣುತ್ತಿತ್ತು. ಸಲಹೆಗಳಿಗೆ ಬರವೇ? ನಮ್ಮ ಮನೆಯವರು ಎರಡು ಮುದ್ದೆ ಕಲಸಿ ಹಚ್ಚುವ ಲೇಪ ಮೆತ್ತಿಬಿಡು ಎಂದರು. ಪಕ್ಕದ ಮನೆಯವರು ಅರಿಶಿಣ ಪುಡಿ ನೀರಿಗೆ ಹಾಕಿದರೆ ಕಿಂಡಿ ಮುಚ್ಚುತ್ತದೆ ಎಂದರು. ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮ ಎಲ್ಲಕ್ಕಿಂತ ಸುಲಭದ ದಾರಿ ತೋರಿಸಿದ: “ಅಕ್ಕಾ, ಮಾರಿಬಿಡೋಣು. ದಾಂಡೇಲಿ ಕಡೆ ಒಬ್ರು ರೆಸಾರ್ಟಿನವ್ರು ಕೇಳ್ಯಾರ. ಗೇಟಿನ ಮುಂದ ನಿಲ್ಲಿಸಿ ಸುತ್ತ ಹೂವಿನ ಕುಂಡ ಇಡ್ತಾರಂತ. ಚಂದ ಕಾಣ್ತದ.”

ಅಪ್ಪ ಇದಕ್ಕೆ ಏನೆನ್ನುತ್ತಾರೆಂದು ನಾನು ಅವರ ಮುಖ ನೋಡಿದೆ. ಅವರು, “ಆತು, ಒಯ್ಲಿ” ಎಂದರು.

ಅಲ್ಲಿ ನನ್ನ ಎದೆ ಧಸಕ್ಕೆಂದಿತು. ನಮ್ಮಪ್ಪನನ್ನು ಬಲ್ಲವರಿಗೆ ಗೊತ್ತು: ಅವರು ತಕರಾರಿನ ಮನುಷ್ಯ. ಚಹಾಕ್ಕೆ ಸಕ್ಕರೆ ಕಡಿಮೆ, ಸಾರಿಗೆ ಹುಳಿ ಹೆಚ್ಚು, ರೇಡಿಯೋದವರ ಕನ್ನಡ ಸರಿಯಿಲ್ಲ, ಬಸ್ಸಿನವರಿಗೆ ಹೊತ್ತಿನ ಖಬರಿಲ್ಲ ಎಂದು ದಿನಕ್ಕೆ ಇಪ್ಪತ್ತು ಸಲ ಗೊಣಗದಿದ್ದರೆ ಅವರಿಗೆ ಅನ್ನ ಅರಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಕ್ರಮೇಣ ಅಪ್ಪನ ಗೊಣಗಾಟ ಕಡಿಮೆಯಾಯಿತು. ಕೊಟ್ಟದ್ದನ್ನು ಉಣ್ಣುತ್ತಾರೆ, ಹೇಳಿದಲ್ಲಿ ಕೂಡುತ್ತಾರೆ, ಎಲ್ಲಕ್ಕೂ “ಆತು.” ಬಂದ ಬೀಗರು, ನೆಂಟರು, “ಅಜ್ಜಾರು ಈಗ ಭಾಳ ಶಾಂತ ಆಗ್ಯಾರ ನೋಡ್ರಿ” ಎಂದು ಮೆಚ್ಚಿಕೊಂಡು ಹೋದರು. ನನಗೆ ಆ ಶಾಂತಿ ಹಿಡಿಸುತ್ತಿರಲಿಲ್ಲ, ಯಾಕೆಂದು ಹೇಳಲು ಬರುತ್ತಿರಲಿಲ್ಲ. ತಮ್ಮನಿಗೆ, “ಜಾತ್ರಿ ಮುಗೀಲಿ, ಆಮ್ಯಾಲೆ ಮಾತಾಡೋಣ” ಎಂದು ಹೇಳಿ ಫೋನು ಇಟ್ಟೆ. ಮರುದಿನ ಭಾನುವಾರ ಅಪ್ಪನ ಕುರ್ಚಿಯನ್ನು ಕಾರಿನ ಮುಂದೆ ಹಾಕಿ, ಬಾನೆಟ್ಟು ಎತ್ತಿದೆ.

ಈ ಬೇಬಿ ಹಿಂದುಸ್ತಾನಿನಲ್ಲಿ ನೀರು ತಿರುಗಿಸಲು ಪಂಪು ಇಲ್ಲ ಎಂಬುದನ್ನು ಅಪ್ಪ ನನಗೆ ಹುಡುಗಿಯಾಗಿದ್ದಾಗಲೇ ಹೇಳಿದ್ದರು. ಬಚ್ಚಲ ಹಂಡೆಯ ನ್ಯಾಯ: ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ. ಎಂಜಿನ್ನಿನಲ್ಲಿ ಕಾದ ನೀರು ಮೇಲಿನ ರಬ್ಬರು ಕೊಳವೆಯ ಮೂಲಕ ರೇಡಿಯೇಟರಿನ ಮೇಲಿನ ತೊಟ್ಟಿಗೆ ಬಂದು, ಸಣ್ಣ ನಾಳಗಳಲ್ಲಿ ಇಳಿಯುತ್ತ ಗಾಳಿಗೆ ಆರಿ, ತಳದಿಂದ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಹಳೇ ಫೋರ್ಡ್ ಟಿ ಮಾಡೆಲಿನ ಕಾರುಗಳೂ ಈ ಉಪಾಯದಲ್ಲೇ ಓಡಿದವು. ಆದರೆ ಇದಕ್ಕೆ ಒಂದು ಕರಾರಿದೆ. ತೊಟ್ಟಿಯ ನೀರು ಆ ಮೇಲಿನ ಕೊಳವೆಯ ಬಾಯಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಸುತ್ತು ಕಡಿಯಿತು. ನೀರು ಇದ್ದಲ್ಲೇ ನಿಂತು ಕುದಿಯುತ್ತದೆ.

ನಮ್ಮ ಮಾಪಕದ ಬುರುಡೆ ಇರುವುದು ಅದೇ ಮೇಲಿನ ತೊಟ್ಟಿಯಲ್ಲಿ. ಒಂದು ಹನಿ ಎರಡು ಹನಿ ಎಂದು ಸೋರಿ ನೀರು ಕೆಳಗಿಳಿದಾಗ ಏನಾಗುತ್ತದೆ? ಬುರುಡೆ ನೀರಿನಿಂದ ಹೊರಗೆ ಗಾಳಿಯಲ್ಲಿ ಉಳಿಯುತ್ತದೆ. ಎಂಜಿನ್ನಿನಿಂದ ಬಿಸಿನೀರು ಅಲ್ಲಿಗೆ ಬರುವುದೂ ನಿಂತಿರುತ್ತದೆ. ಆಗ ಮುಳ್ಳು ಮೇಲೇರುವುದಿಲ್ಲ, ಇಳಿಯುತ್ತದೆ! ಒಳಗೆ ಎಂಜಿನ್ನು ಕುದಿದು ಕೆಟ್ಟುಹೋಗುತ್ತಿರುವಾಗ ಹೊರಗೆ ಗಡಿಯಾರ, ಎಲ್ಲ ತಣ್ಣಗಿದೆ, ಚಿಂತೆಯಿಲ್ಲ ಎನ್ನುತ್ತದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ವಿಸ್ತರಿಸಿ ಬರೆಯಿರಿ ಎಂದಿದ್ದೇನೋ. ಅದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಯಾವ ಉತ್ತರಪತ್ರಿಕೆಯಲ್ಲೂ ಸಿಕ್ಕಿರಲಿಲ್ಲ. ಮುಳ್ಳು ಏರಿದರೆ ನಾವೆಲ್ಲ ಎಚ್ಚರಾಗುತ್ತೇವೆ. ಇಳಿದರೆ ನೆಮ್ಮದಿಯಿಂದ ಮುಂದೆ ಸಾಗುತ್ತೇವೆ. ಬೀಗರು ನೆಂಟರು ಅಪ್ಪನ ವಿಷಯದಲ್ಲಿ ಹಾಗೇ ಸಾಗಿ ಹೋಗಿದ್ದರು.

ಬೆಳಗಿನ ತಂಪಿನಲ್ಲಿ ಕೆಲಸ ಹಿಡಿದೆ. ಕಾದ ರೇಡಿಯೇಟರಿನ ತಂಟೆಗೆ ಯಾರೂ ಹೋಗಬಾರದು. ಮುಚ್ಚಳ ತೆಗೆದರೆ ಹಬೆ ಮುಖಕ್ಕೆ ಹಾರುತ್ತದೆ. ಮೊದಲು ಸೋರುವುದು ಎಲ್ಲಿಂದ ಎಂದು ತಿಳಿಯಬೇಕಿತ್ತು. ತೊಟ್ಟಿಗೂ ಹಿತ್ತಾಳೆಯ ಬಾಯಿಗೂ ನಡುವಿನ ಬೆಸುಗೆಯಿಂದಲೋ, ಬಾಯಿಗೂ ಬುರುಡೆಯನ್ನು ಒತ್ತಿ ಹಿಡಿದ ನಟ್ಟಿಗೂ ನಡುವಿನಿಂದಲೋ? ಬಟ್ಟೆಯಿಂದ ಒರಸಿ ಒಣಗಿಸಿ, ಶಾಲೆಯ ಸೀಮೆಸುಣ್ಣವನ್ನು ಪುಡಿ ಮಾಡಿ ಸುತ್ತಲೂ ಉದುರಿಸಿದೆ. ತೊಟ್ಟಿ ತುಂಬಿ, ಎಂಜಿನ್ನು ಚಾಲೂ ಮಾಡಿ, ಬೆಚ್ಚಗಾದ ಮೇಲೆ ನಿಲ್ಲಿಸಿ ಕಾದೆವು. ಬೆಸುಗೆಯ ಸುತ್ತಲಿನ ಪುಡಿ ಹಾಗೇ ಉಳಿಯಿತು. ನಳಿಕೆ ಹೊರಬರುವ ನಟ್ಟಿನ ಬಾಯಲ್ಲಿ ಮಾತ್ರ ಹಿಟ್ಟಿನ ಮೇಲೆ ಇರುವೆ ಹರಿದಂತೆ ಒಂದು ತೇವದ ಗೆರೆ ಮೂಡಿತು.

“ಅಪ್ಪಾ, ನಟ್ಟಿನ ಕಡಿಂದ ಐತಿ,” ಎಂದೆ.

“ಆತು,” ಎಂದರು.

ಎಂಜಿನ್ನು ಪೂರ್ತಿ ಆರಲು ಬಿಟ್ಟು, ಬುರುಡೆಗಿಂತ ಕೆಳಮಟ್ಟಕ್ಕೆ ನೀರು ಬಸಿದೆ. ಎರಡು ಪಾನಾ ಬೇಕು. ಒಂದರಿಂದ ಹಿತ್ತಾಳೆಯ ಬಾಯಿಯನ್ನು ಅಲುಗದಂತೆ ಹಿಡಿಯಬೇಕು, ಇನ್ನೊಂದರಿಂದ ನಟ್ಟು ತಿರುಗಿಸಬೇಕು. ಇಲ್ಲದಿದ್ದರೆ ತೊಟ್ಟಿಯ ತೆಳು ತಗಡು ತಿರುಚಿ ಬೆಸುಗೆಯೇ ಬಿಡುತ್ತದೆ. ನಟ್ಟಿನ ಜೊತೆ ನಳಿಕೆಯೂ ಸುತ್ತಿಕೊಳ್ಳದಂತೆ ನಮ್ಮ ಮನೆಯವರು ಬೆರಳಿನಲ್ಲಿ ಹಿಡಿದುಕೊಂಡರು. “ಹಗೂರಕ,” ಎಂದಿತು ಕುರ್ಚಿ. ಅದು ಆ ದಿನ ಅಪ್ಪ ಆಡಿದ ಎರಡನೆಯ ಮಾತು.

ಬಿಚ್ಚಿ ನೋಡಿದರೆ ನಟ್ಟು ಅಪ್ಪ ಹಾಕಿಸಿದ್ದಲ್ಲ. ನಡುವೆ ಎಂದೋ ಒಮ್ಮೆ ಹಳೆಯದು ಒಡೆದಾಗ ಯಾರೋ ಬೇರೆ ಹಾಕಿದ್ದರು. ಬುರುಡೆ, ನಳಿಕೆ, ಗಡಿಯಾರ ಮೂರೂ ಒಂದೇ ಅಖಂಡ ತುಂಡಾದ್ದರಿಂದ ನಡುವಿನ ನಟ್ಟನ್ನು ತೆಗೆದು ಬೇರೆ ಪೋಣಿಸಲಾಗದು. ಪಕ್ಕದಲ್ಲಿ ಸೀಳು ಕೊರೆದ ನಟ್ಟನ್ನು ನಳಿಕೆಯ ಮೇಲೆ ಸರಿಸಬೇಕು. ಅಷ್ಟನ್ನು ಅವರು ಸರಿಯಾಗಿಯೇ ಮಾಡಿದ್ದರು. ಆದರೆ ನಟ್ಟು ಎರಡು ಸುತ್ತು ಹೋಗಿ ಬಿಗಿಯಾಗಿ ಕಚ್ಚಿಕೊಂಡಿತ್ತು, ಮುಂದೆ ಹೋಗಿರಲಿಲ್ಲ. ತ್ರೆಡ್ಡಿನ ಸುತ್ತ ಬಿಳಿಯ ಟೇಪನ್ನು ಪಟ್ಟಿ ಕಟ್ಟಿದ ಹಾಗೆ ಸುತ್ತಿದ್ದರು.

ಮುಂದಿನ ಶನಿವಾರ ಆ ನಟ್ಟು, ಬುರುಡೆ, ನಳಿಕೆ, ಗಡಿಯಾರ ಎಲ್ಲವನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ದಾಂಡೇಲಿಗೆ ಹೋದೆವು. ಹಿತ್ತಾಳೆಯ ಬಾಯಿಯ ಅಚ್ಚನ್ನು ಬಟ್ಟೆ ಸೋಪಿನ ತುಂಡಿನ ಮೇಲೆ ಒತ್ತಿ ತೆಗೆದಿದ್ದೆ. 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯಿಂದಾಗಿ ಆ ಊರಿನಲ್ಲಿ ಫಿಟ್ಟರು, ಟರ್ನರುಗಳಿಗೆ ಕೊರತೆಯಿಲ್ಲ. ನಿವೃತ್ತರಾಗಿ ಸ್ವಂತ ಲೇಥು ಇಟ್ಟುಕೊಂಡ ಒಬ್ಬ ಕಾಕಾ ಕನ್ನಡಕ ಏರಿಸಿ, ಹಣಿಗೆಯಂಥ ಅಳತೆಪಟ್ಟಿಯನ್ನು ನಟ್ಟಿನ ಹಲ್ಲಿಗೆ ಹಚ್ಚಿ, ಬೆಳಕಿಗೆ ಹಿಡಿದರು.

“ಅಕ್ಕೋರೇ, ಇದು ಮಿಲಿಮೀಟರಿನದು. ನಿಮ್ಮ ಗಾಡೀದು ಹಳೇ ಇಂಗ್ಲಿಷ್ ಇಂಚಿನದು. ಅದರ ಹಲ್ಲಿನ ಕೋನ ಐವತ್ತೈದು ಡಿಗ್ರಿ, ಇದರದು ಅರವತ್ತು. ಎರಡು ಸುತ್ತು ಗೆಳೆತನ ಮಾಡ್ತಾವ, ಮೂರನೇದಕ್ಕ ಜಗಳ.”

ಅವರು ಹೇಳಿದ್ದರಲ್ಲಿ ಎಲ್ಲ ಇತ್ತು. ನೀರು ತಡೆಯುವುದು ತ್ರೆಡ್ಡಲ್ಲ. ಬುರುಡೆಯ ಕುತ್ತಿಗೆಯಲ್ಲಿ ಒಂದು ಪಟ್ಟಿಯಿದೆ. ಅದು ಬಾಯಿಯ ಒಳಗಿನ ಮೆಟ್ಟಿಲಿನ ಮೇಲೆ, ನಡುವೆ ಒಂದು ತಾಮ್ರದ ವಾಷರಿಟ್ಟು, ಗಟ್ಟಿಯಾಗಿ ಕೂಡಬೇಕು. ತ್ರೆಡ್ಡಿನ ಕೆಲಸ ಒತ್ತುವುದಷ್ಟೆ. ನಟ್ಟು ಅರ್ಧ ದಾರಿಯಲ್ಲೇ ಸಿಕ್ಕಿಹಾಕಿಕೊಂಡರೆ ಪಾನಾ ಹಿಡಿದವರಿಗೆ ಬಿಗಿಯಾಯಿತೆಂದು ಅನಿಸುತ್ತದೆ, ಒಳಗೆ ಬುರುಡೆ ಸಡಿಲವಾಗಿಯೇ ಇರುತ್ತದೆ. ಅದಕ್ಕೆ ಎಷ್ಟು ಟೇಪು ಸುತ್ತಿದರೂ, ಎಷ್ಟು ಲೇಪ ಮೆತ್ತಿದರೂ ಅಷ್ಟೇ.

ಕಾಕಾ ಹಿತ್ತಾಳೆಯ ಸಲಾಕೆ ಹಚ್ಚಿ ಹೊಸ ನಟ್ಟು ಕಡೆದರು, ಗರಗಸದಿಂದ ಸೀಳು ಬಿಟ್ಟರು, ನಳಿಕೆಗೆ ತಾಗದಂತೆ ಅಂಚು ಅರದಿಂದ ಉಜ್ಜಿದರು. ಎರಡು ತಾಮ್ರದ ವಾಷರು ಕೊಟ್ಟು, “ಕೂಡಿಸೋ ಮೊದಲ ಒಲಿ ಮ್ಯಾಲೆ ಕೆಂಪಗ ಕಾಸಿ ನೀರಾಗ ಬಿಡ್ರಿ. ತಾಮ್ರ ಮೆತ್ತಗಾಗ್ತದ,” ಎಂದರು. ಕಬ್ಬಿಣವನ್ನು ಹಾಗೆ ಅದ್ದಿದರೆ ಗಡಸಾಗುತ್ತದೆ ಎಂದು ಕೇಳಿದ್ದೆ. ತಾಮ್ರದ ಗುಣ ಬೇರೆ. ಕೆಂಪಗೆ ಕಾದರೆ ಸಾಕು, ಅದು ಮೆದುವಾಗಿ ಎರಡು ಗಟ್ಟಿ ಲೋಹಗಳ ನಡುವಿನ ಸಣ್ಣಪುಟ್ಟ ತಗ್ಗುಗಳನ್ನು ತುಂಬಿಕೊಳ್ಳುತ್ತದೆ.

ಕೂಡಿಸುವ ಮೊದಲು ಮಾಪಕ ನಿಜ ಹೇಳುತ್ತದೆಯೇ ಎಂದು ಪರೀಕ್ಷೆ ಮಾಡಬೇಕಲ್ಲ. ಅಡಿಗೆಮನೆಯಲ್ಲಿ ಹಳೆಯ ಚಹಾಪಾತ್ರೆಯಲ್ಲಿ ನೀರು ಕುದಿಸಿ, ಬುರುಡೆಯನ್ನು ಇಳಿಬಿಟ್ಟು, ಗಡಿಯಾರವನ್ನು ಕೈಯಲ್ಲಿ ಹಿಡಿದು ನಿಂತೆ. ಮುಖದ ಮೇಲಿನ ಅಂಕಿಗಳು ಫ್ಯಾರನ್‌ಹೀಟಿನವು. ಕಡಲ ಮಟ್ಟದಲ್ಲಿ ನೀರು ಕುದಿಯುವುದು 212ಕ್ಕೆ. ಐನೂರು ಅಡಿ ಎತ್ತರಕ್ಕೆ ಸುಮಾರು ಒಂದು ಗೆರೆಯಂತೆ ಕಡಿಮೆ. ಮುಳ್ಳು ನಡುಗುತ್ತ ಏರಿ 212ಕ್ಕೆ ತುಸು ಕೆಳಗೆ ನಿಂತಿತು. ಅಪ್ಪ ಬಾಗಿಲಲ್ಲಿ ಬಂದು ನಿಂತಿದ್ದರು. ನಾನು ಕರೆದಿರಲಿಲ್ಲ.

“ಎಷ್ಟು?” ಎಂದರು.

“ಇನ್ನೂರಾ ಹತ್ತು.”

“ಹಂಗಾರ ಬರೋಬ್ಬರಿ ಐತಿ,” ಎಂದು ಹೇಳಿ ಒಳಗೆ ಹೋದರು.

ವಾಷರನ್ನು ಬುರುಡೆಯ ತುದಿಯಿಂದ ಪೋಣಿಸಿ, ಬಾಯಿಯೊಳಗೆ ಕೂಡಿಸಿ, ಹೊಸ ನಟ್ಟನ್ನು ಬೆರಳಿನಿಂದಲೇ ತಿರುಗಿಸುತ್ತ ಹೋದೆ. ಸರಿಯಾದ ತ್ರೆಡ್ಡಿನ ಗುರುತು ಅದೇ, ಕೊನೆಯವರೆಗೂ ಬೆರಳಿಗೆ ಬಗ್ಗುತ್ತದೆ. ಕಡೆಗೆ ಪಾನಾದಿಂದ ಕಾಲು ಸುತ್ತು, ಅಷ್ಟೇ. ಎಂಜಿನ್ನಿನ ನಡುಕಕ್ಕೆ ನಳಿಕೆ ಮುರಿಯದಿರಲೆಂದು ನಡುವೆ ಬಳೆಯಷ್ಟಗಲ ಒಂದು ಸುರುಳಿ ಬಿಟ್ಟೆ. ತೊಟ್ಟಿ ತುಂಬಿ, ಮತ್ತೆ ಸೀಮೆಸುಣ್ಣದ ಪುಡಿ ಉದುರಿಸಿದೆ. ಒಂದು ದಿನ, ಎರಡು ದಿನ, ಒಂದು ವಾರ. ಪುಡಿ ಉದುರಿಸಿದ ಹಾಗೇ ಇತ್ತು.

ಅಷ್ಟರಲ್ಲಿ ಮಾಘ ಮಾಸ ಬಂತು. ಭಾರತ ಹುಣ್ಣಿಮೆಗೆ ಚನ್ನಬಸವಣ್ಣನವರ ಜಾತ್ರೆ. ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿಗಳು ದಿನಗಟ್ಟಲೆ ನಡೆದು ಬರುತ್ತವೆ. ಎತ್ತಿನ ಕೊರಳ ಗಂಟೆ ರಾತ್ರಿಯೆಲ್ಲ ಕೇಳಿಸುತ್ತದೆ. ಹುಣ್ಣಿಮೆಗೆ ಎರಡು ದಿನ ಮೊದಲು ಅಪ್ಪನನ್ನು ಪಕ್ಕಕ್ಕೆ ಕೂಡಿಸಿಕೊಂಡು ನಾನೇ ಕಾರು ತೆಗೆದೆ. ಕುಂಬಾರವಾಡಾ ಕಡೆ ಸ್ವಲ್ಪ ದೂರ ಹೋಗಿ ಬರುವುದು, ಸೋರಿಕೆ ನಿಂತದ್ದು ನಿಜವೋ ಎಂದು ನೋಡುವುದು. ಹೋಗುವಾಗ ಮುಳ್ಳು 170ರ ಆಸುಪಾಸಿನಲ್ಲೇ ಇತ್ತು. ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು.

ಮರಳುವಾಗ ಏರಿನಲ್ಲಿ ನಮ್ಮ ಮುಂದೆ ಹತ್ತು ಹನ್ನೆರಡು ಚಕ್ಕಡಿಗಳ ಸಾಲು ಸಿಕ್ಕಿತು. ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಮೊದಲ ಗೇರಿನಲ್ಲಿ ತೆವಳಬೇಕು. ಓಟವಿಲ್ಲದೆ ರೇಡಿಯೇಟರಿಗೆ ಗಾಳಿ ಸಾಲದು, ಪಂಪು ಮೊದಲೇ ಇಲ್ಲ. ಮುಳ್ಳು ಏರತೊಡಗಿತು.

“ಎಷ್ಟೈತಿ?” ಅಪ್ಪ ಕೇಳಿದರು. ಕಣ್ಣಿಗೆ ಕಾಣದಿದ್ದರೂ ಎಂಜಿನ್ನಿನ ದನಿ ಬದಲಾದದ್ದು ಕಿವಿಗೆ ತಿಳಿದಿತ್ತು.

“ನೂರಾ ಎಂಬತ್ತೈದು.”

ಸ್ವಲ್ಪ ಹೊತ್ತಿಗೆ ಮತ್ತೆ, “ಈಗ?”

“ನೂರಾ ತೊಂಬತ್ತೈದು.”

“ಬಾಜೂಕ ತೊಗೊ. ತೊಗೊ ಅಂತೀನಿ! ಎತ್ತಿನ ಹಿಂದ ಹತ್ತಿಕೊಂಡು ಹೊಂಟಿಯಲ್ಲ, ಗಾಡೀಗೆ ಜೀವ ಇಲ್ಲೇನು? ಬಾನೆಟ್ ಎತ್ತು. ತಣ್ಣೀರು ಸುರುವಬ್ಯಾಡ ಮತ್ತ, ಎಂಜಿನ್ ಸೀಳ್ತೈತಿ. ಅರ್ಧಾ ತಾಸು ಬಿಡು.”

ಎರಡು ವರ್ಷದಲ್ಲಿ ಅಷ್ಟು ಮಾತು ಒಟ್ಟಿಗೆ ಕೇಳಿರಲಿಲ್ಲ. ಬದಿಗೆ ನಿಲ್ಲಿಸಿದೆ. ಹಿಂದಿನಿಂದ ಬಂದ ಚಕ್ಕಡಿಯವರು ಒಬ್ಬೊಬ್ಬರಾಗಿ ಇಳಿದು, “ಏನಾಗೇತ್ರಿ ಅಜ್ಜಾರ, ತಳ್ಳಬೇಕೇನ್ರಿ?” ಎಂದು ಕೇಳಿದರು. ಅಪ್ಪ ಕೋಲೂರಿ ಇಳಿದರು. ಏನೂ ಆಗಿಲ್ಲ, ಅದು ಕಾವು ಇಳಿಸಿಕೊಳ್ಳುತ್ತಿದೆ, ನಿಮ್ಮ ಎತ್ತು ನೀರಿಗೆ ನಿಲ್ಲುವುದಿಲ್ಲವೇ ಹಾಗೆ ಎಂದು ಶುರುಮಾಡಿದವರು, 1968ರಿಂದ ಹಿಡಿದು, ಮುಳುಗಿದ ಸೂಪಾದ ಸಂತೆ, ಅವ್ವ ಮಡಿಲಲ್ಲಿ ನನ್ನನ್ನು ಕೂಡಿಸಿಕೊಂಡು ಇದೇ ಏರಿನಲ್ಲಿ ಬೀಸಣಿಗೆಯಿಂದ ಎಂಜಿನ್ನಿಗೆ ಗಾಳಿ ಹಾಕಿದ್ದು, ಎಲ್ಲವನ್ನೂ ಹೇಳಿದರು. ಅವ್ವನ ಹೆಸರು ಹೇಳುವಾಗ ದನಿ ಒಡೆಯಿತು. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಎಲೆ ಅಡಿಕೆಯ ಚೀಲ ಮುಂದೆ ಹಿಡಿದರು. ಅಪ್ಪ ಕಣ್ಣೊರಸಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತ, “ಸುಣ್ಣ ಖಾರ ಆತು,” ಎಂದರು.

ಆ ರಾತ್ರಿ ತಮ್ಮ ಫೋನು ಮಾಡಿದಾಗ ಅಪ್ಪನೇ ಎತ್ತಿಕೊಂಡರು. ಹೂವಿನ ಕುಂಡ ಇಡಲು ಬೇರೆ ಗಾಡಿ ಹುಡುಕಿಕೊಳ್ಳಲು ರೆಸಾರ್ಟಿನವರಿಗೆ ತಿಳಿಸಬೇಕೆಂದೂ, ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಬರುವಾಗ ಒಂದು ಒಳ್ಳೆಯ ಫ್ಯಾನ್ ಬೆಲ್ಟು ತರಬೇಕೆಂದೂ ಅಪ್ಪಣೆಯಾಯಿತು. ಮರುದಿನ ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ತಟ್ಟೆ ಸರಿಸಿದರು. ಉಪ್ಪಿನ ಡಬ್ಬಿ ತಂದಿಟ್ಟು, ನಾನು ಶಾಲೆಗೆ ಹೊರಟೆ.